ಅಗಲ ದೋಣಿ, ಸಣ್ಣ ಕಾಲುವೆ

ದೋಣಿ ಇತ್ತು, ಕಾಲುವೆ ಇತ್ತು, ಒಂದು ಜೋಡಿ ಎತ್ತು ಇದ್ದವು, ಗಿರಿಜತ್ತೆ ಇದ್ದಳು. ಇಷ್ಟನ್ನು ನಾನು ಯಾರ ಮುಂದೆ ಬೇಕಾದರೂ ಗಟ್ಟಿಯಾಗಿ ಹೇಳಬಲ್ಲೆ. ಉಳಿದದ್ದರಲ್ಲಿ ಕಣ್ಣಾರೆ ಕಂಡದ್ದು ಎಷ್ಟು, ಬೇರೆಯವರ ಬಾಯಿಂದ ಕೇಳಿದ್ದು ಎಷ್ಟು, ಮದುವೆ ಮುಂಜಿಗಳ ಪಂಕ್ತಿಯಲ್ಲಿ ಹೇಳಿ ಹೇಳಿ ನಾನೇ ಬೆಳೆಸಿದ್ದು ಎಷ್ಟು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಪ್ರತಿ ಸಲ ಹೇಳುವಾಗಲೂ ದೋಣಿ ಸ್ವಲ್ಪ ಅಗಲವಾಗುತ್ತದೆ, ಕಾಲುವೆ ಸ್ವಲ್ಪ ಸಣ್ಣದಾಗುತ್ತದೆ. ಇನ್ನು ನಾಲ್ಕು ಸಲ ಹೇಳಿದರೆ ಆ ದೋಣಿ ಆ ಕಾಲುವೆಯೊಳಗೆ ಇಳಿಯಲಾರದು.

ನನ್ನ ಬಲಗೈಯ ಅಂಗೈಯಲ್ಲಿ ಒಂದು ಹಳೆಯ ಗಾಯದ ಕಲೆ ಇದೆ. ಎಲ್ಲಿಯಾದರೂ ಸುಮ್ಮನೆ ಕುಳಿತು ಕಾಯಬೇಕಾದಾಗ ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತ ಇರುವುದು ನನ್ನ ಚಟ. ಹೋದ ತಿಂಗಳು ಗದಗಿನಲ್ಲಿ ಕಣ್ಣಿನ ಡಾಕ್ಟರರ ಬಾಗಿಲಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಒಮ್ಮೆ ಕುಳಿತೆ, ಒಮ್ಮೆ ಎದ್ದೆ, ಗೋಡೆಯ ಕ್ಯಾಲೆಂಡರು ಓದಿದೆ, ಮತ್ತೆ ಬಂದು ಕುಳಿತು ಕಲೆ ಉಜ್ಜತೊಡಗಿದೆ. ಪಕ್ಕದಲ್ಲಿದ್ದವರು ಕೇಳಿದರು:

"ಏನ್ರಿ ಅದು? ಸುಟ್ಟದ್ದೇನ್ರಿ?"

"ಅಲ್ರಿ. ದೋಣಿ ಗಳಾ ಹರದದ್ದು."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಯಾವೂರವರು ನೀವು?"

"ಇಲ್ಲೇ, ಬೆಟಗೇರಿ."

"ಬೆಟಗೇರ್ಯಾಗ ದೋಣಿ ಎಲ್ಲಿ ನಡಸಿದ್ರಿ? ನಳಾ ಬಂದ್ರ ಸಾಕಾಗೇತಿ ನಮಗ."

ಅವರ ಮಾತು ಸರಿಯಾಗಿಯೇ ಇತ್ತು. ನೀರನ್ನು ಕೊಡದಿಂದ ಅಳೆಯುವ ಊರು ನಮ್ಮದು. ನಾವು ಕಂಡ ಉದ್ದನೆಯ ವಸ್ತು ಎಂದರೆ ಬೀದಿಯ ಈ ತುದಿಯಿಂದ ಆ ತುದಿಗೆ ನೇಕಾರರು ಎಳೆದು ಕಟ್ಟುತ್ತಿದ್ದ ನೂಲಿನ ಹಾಸು, ನದಿಯಲ್ಲ. ದೋಣಿಯನ್ನು ನಾನು ಮೊದಲು ಕಂಡದ್ದು ಒಂದನೆಯ ಪುಸ್ತಕದ ಚಿತ್ರದಲ್ಲಿ. ಅದೂ ಅಲ್ಲದೆ, ಈ ಕಲೆ ಚಿಕ್ಕಂದಿನಲ್ಲಿ ಬುಗರಿಯ ಮೊಳೆ ತಾಗಿ ಆದದ್ದು ಎಂದು ಅವ್ವ ಹೇಳುತ್ತಿದ್ದಳು. ಅವ್ವ ಸುಳ್ಳು ಹೇಳುವವಳಲ್ಲ. ನಾನೂ ಅಲ್ಲ. ಅಂಗೈ ಮಾತ್ರ ಒಂದೇ.

ಗಿರಿಜತ್ತೆಯ ಕಾರಣದಿಂದ ಇದನ್ನೆಲ್ಲ ಹೇಳುತ್ತಿದ್ದೇನೆ, ಕಲೆಯ ಕಾರಣದಿಂದಲ್ಲ. ಅವಳು ನನ್ನ ಅಪ್ಪನ ತಂಗಿ. ಅಪ್ಪ ಬೆಟಗೇರಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಇವರಿಬ್ಬರ ನಡುವಿನವನು ಚನ್ನಪ್ಪ ಕಾಕಾ. ಶಿರಹಟ್ಟಿಯ ಕಡೆಯ ನಮ್ಮ ಹಳ್ಳಿಯಲ್ಲಿ ಮನೆತನದ ಹೊಲ, ತೋಟ ಎಲ್ಲವನ್ನೂ ನೋಡಿಕೊಂಡಿದ್ದವನು ಅವನೇ. ಗಟ್ಟಿ ಮನುಷ್ಯ, ದೊಡ್ಡ ದನಿ, ಪಂಚಾಂಗದ ಮೇಲೆ ವಿಪರೀತ ನಂಬಿಕೆ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯಬೇಕು. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ಈ ಭಾಗ ಎಷ್ಟು ಚೂರಾಗಿತ್ತು ಎಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬೆಟಗೇರಿಯಲ್ಲಿದ್ದ ನಾವು ಮುಂಬಯಿ ಇಲಾಖೆಯ ಬ್ರಿಟಿಷ್ ಪ್ರಜೆಗಳು. ಶಿರಹಟ್ಟಿಯ ಕಡೆಯ ಕಾಕಾ ಸಾಂಗ್ಲಿ ಸಂಸ್ಥಾನದವನು. ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ ಸೇರಿದ್ದು. ಗಿರಿಜತ್ತೆಯನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಹೀಗಾಗಿ ಅವಳ ಮದುವೆಯಲ್ಲಿ ಮೂರು ಸರಕಾರಗಳ ಬೀಗರು ಒಂದೇ ಚಪ್ಪರದ ಕೆಳಗೆ ಉಂಡರು. ಆ ಸಂಬಂಧ ತಂದವನು ಚನ್ನಪ್ಪ ಕಾಕಾ. ಹುಡುಗನ ಮನೆಯ ಕಣಜ ನೋಡಿದ್ದ, ದನ ನೋಡಿದ್ದ, ಬಾವಿಯ ನೀರನ್ನೂ ಕುಡಿದು ನೋಡಿದ್ದ. ಹುಡುಗನನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ಅವನು ಮದುವೆಯಾದ ಮೇಲೆ ಮುಂಬಯಿಯ ಗಿರಣಿ ಸೇರಿದ. ಅಲ್ಲಿ ಅವನಿಗೆ ಬೇರೊಂದು ಸಂಸಾರ ಇದೆ ಎಂಬ ಖಬರು ಬಂದದ್ದು ಸಂಸ್ಥಾನಗಳೆಲ್ಲ ವಿಲೀನವಾಗುತ್ತಿದ್ದ ಕಾಲಕ್ಕೆ. ಎಲ್ಲರೂ ಒಂದಾಗುತ್ತಿದ್ದ ದಿನಗಳಲ್ಲಿ ಗಿರಿಜತ್ತೆ ಬೇರೆಯಾಗಿ ತವರಿಗೆ ಬಂದಳು.

"ಕೊಟ್ಟಾಂವ ನಾನು. ಇರೋತನಾ ನಾ ನೋಡ್ಕೋತೀನಿ," ಎಂದ ಕಾಕಾ. ಹಾಗೆಯೇ ನೋಡಿಕೊಂಡ. ಅವಳಿಗೆ ಸೀರೆ ತರದೆ ಮನೆಯಲ್ಲಿ ಯಾರಿಗೂ ಸೀರೆ ತರಲಿಲ್ಲ. ಅವಳು ಉಣ್ಣದೆ ತಾನು ಉಣ್ಣಲಿಲ್ಲ. ಆದರೆ ಅತ್ತೆ ವರ್ಷದ ಅರ್ಧ ಭಾಗ ಬೆಟಗೇರಿಯಲ್ಲಿ ನಮ್ಮ ಮನೆಯಲ್ಲಿದ್ದು, ಅಪ್ಪನ ಕೈಯಲ್ಲಿ ಓದಿ, ಮುಲ್ಕಿ ಪರೀಕ್ಷೆ ಪಾಸಾದಳು. ಆಗ ಮುಲ್ಕಿ ಪಾಸಾದವರಿಗೆ ಮಾಸ್ತರಿಕೆ ಸಿಗುತ್ತಿತ್ತು. ಪಾಸಾದ ದಿನ ಕಾಕಾ ಪೇಢೆ ಹಂಚಿದ. ಹಂಚಿ, "ಆತಲ್ಲ, ಇನ್ನ ಹಳ್ಳಿಗೆ ನಡಿ," ಎಂದ.

ಅವಳು ಹಳ್ಳಿಗೆ ಹೋದಳು. ಒಂದು ವರ್ಷ ಕಳೆಯಿತು. ಆಮೇಲೆ ಅಪ್ಪನ ಪರಿಚಯದವರೊಬ್ಬರಿಂದ ಸುದ್ದಿ ಬಂತು: ಸಿಂಗಟಾಲೂರಿನ ಎದುರಿಗೆ, ತುಂಗಭದ್ರೆಯ ಆಚೆ ದಂಡೆಯ ಹಳ್ಳಿಯೊಂದರಲ್ಲಿ ಊರವರೇ ಕೂಡಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದಾರೆ, ಕಲಿಸಲು ಅಕ್ಕೋರು ಬೇಕಾಗಿದ್ದಾರೆ. ಒಂದು ಕರಾರು ಇತ್ತು. ಹಿಂದಿನ ಅಕ್ಕೋರು ಒಂದು ಕೈಚೀಲ ಹಿಡಿದು ಬಂದು ವಾರದಲ್ಲಿ ಓಡಿಹೋಗಿದ್ದರಂತೆ. ಆದ್ದರಿಂದ ಈ ಸಲ ಬರುವವರು ಸಂಸಾರದ ಸಾಮಾನು ಸಮೇತ ಬಂದು ಊರಲ್ಲೇ ನೆಲೆಸಬೇಕು. ಶಾಲೆ ಸುರುವಾಗುವ ಸೋಮವಾರ ದೀಪ ಹಚ್ಚುವುದರೊಳಗೆ ಬರದಿದ್ದರೆ, ಕಮಿಟಿಯ ಹಿರಿಯರ ತಂಗಿಯ ಮಗ ಇದ್ದಾನೆ, ಅವನನ್ನೇ ಕೂರಿಸುವುದು. ಗಂಡಸು ಕಲಿಸಿದರೆ ಹುಡುಗಿಯರನ್ನು ಎಷ್ಟು ಮನೆಯವರು ಕಳಿಸುತ್ತಾರೋ ಅಷ್ಟು ಬರಲಿ ಎಂದು.

"ಹೊಳಿ ಆಚಿಕ ಅಂದ್ರ ಬ್ಯಾರೆ ರಾಜ್ಯ," ಎಂದ ಕಾಕಾ. ಅದೂ ನಿಜವೇ. ಆ ಕಡೆಯ ತಾಲೂಕು ಮೊದಲು ಮದ್ರಾಸಿನಲ್ಲಿತ್ತು, ಆಗಷ್ಟೇ ಮೈಸೂರಿಗೆ ಸೇರಿತ್ತು. ನಾವಿನ್ನೂ ಮುಂಬಯಿಯವರು. ಏಕೀಕರಣದ ಮಾತು ಎಲ್ಲರ ಬಾಯಲ್ಲೂ ಇತ್ತು, ಕೈಗೆ ಸಿಕ್ಕಿರಲಿಲ್ಲ.

"ರಾಜ್ಯ ಬ್ಯಾರೆ ಆದ್ರೇನು ಅಣ್ಣಾ, ಅಕ್ಷರ ಅವ ಅಲ್ಲೇನು?" ಎಂದಳು ಅತ್ತೆ.

ಕಾಕಾ ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮುಂಗಾರಿನ ಮಿರಗದ ಮಳೆ ಬಿದ್ದಿದೆ, ಬಿತ್ತಿಗೆ ಮುಗಿಯಲಿ ಎಂದ. ಬಿತ್ತಿಗೆ ಮುಗಿಯಿತು. ಶನಿವಾರ ಹೊರಡುವುದು ಬೇಡ ಎಂದ. ರವಿವಾರ ಅಮಾವಾಸ್ಯೆ, ಅಂದು ಎತ್ತಿಗೆ ನೊಗ ಹೂಡುವವರು ಯಾರು ಎಂದ. ಹೀಗೆ ಕೊನೆಗೆ ಉಳಿದದ್ದು ಸೋಮವಾರವೇ. ಅಪ್ಪನಿಗೆ ಶಾಲೆ ಇತ್ತು. ನಾನು ಧಾರವಾಡದ ಕಾಲೇಜಿನಲ್ಲಿ ಒಂದು ವರ್ಷ ಮುಗಿಸಿ, ಎರಡನೆಯದು ತೆರೆಯುವುದನ್ನು ಕಾಯುತ್ತ, ಕುಳಿತಲ್ಲಿ ಕೂರಲಾರದೆ ಮನೆಯವರಿಗೆಲ್ಲ ಬೇಸರ ತರಿಸುತ್ತಿದ್ದೆ. ಅತ್ತೆಯ ಜೊತೆಗೆ ನನ್ನನ್ನು ಕಳಿಸಿದರು. ರವಿವಾರವೇ ನಾನು ಹಳ್ಳಿ ಮುಟ್ಟಿದೆ.

ಗಾಡಿಯಲ್ಲಿ ಏನೇನಿತ್ತು ಎಂದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿಗೆ ಕಟ್ಟಿದ್ದೆಲ್ಲ ನಿಜವಲ್ಲ ಎಂದು ನಾನೇ ಹುಡುಗರಿಗೆ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇರಲಿ. ಒಂದು ತಗಡಿನ ಟ್ರಂಕು, ಜೋಳದ ಚೀಲ, ಹಾಸಿಗೆ ಸುರುಳಿ, ಬುಟ್ಟಿ ತುಂಬ ಪಾತ್ರೆ, ಮತ್ತು ಬೀಸುವ ಕಲ್ಲು. ಕಲ್ಲನ್ನು ಕಾಕಾ ತಾನೇ ಎತ್ತಿ ಇಟ್ಟ. ಮುಂಡರಗಿ ದಾಟಿ ಸಿಂಗಟಾಲೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಹೊರಳಿತ್ತು. ಹೊಳೆ ಕೆಂಪಾಗಿ, ದಂಡೆ ತುಂಬಿ ಹರಿಯುತ್ತಿತ್ತು.

ಅಲ್ಲಿ ಗಾಡಿಗಳನ್ನು ದಾಟಿಸುವ ದೋಣಿ ಇತ್ತು. ಚಪ್ಪಟೆ ತಳದ, ನಮ್ಮ ಮನೆಯ ಪಡಸಾಲೆಯಷ್ಟು ಅಗಲದ, ಡಾಂಬರಿನ ವಾಸನೆಯ ದೋಣಿ. ಎತ್ತು ಬಿಚ್ಚಿ ಗಾಡಿಯನ್ನೂ ಎತ್ತನ್ನೂ ಒಟ್ಟಿಗೆ ಹತ್ತಿಸಬಹುದಿತ್ತು. ದೋಣಿ ನಡೆಸುವವನು ಅಂಬಿಗರ ಹನುಮಪ್ಪ. ಹೊಳೆ ದಾಟಿಸಿ ಆಚೆ ದಂಡೆಗೆ ಹತ್ತಿರ ಬಂದಾಗ ಅವನು ಗಳ ಊರಿ ನಿಂತ.

"ಗಾಡಿ ಇಳಿಸಿದ್ರ ಊರು ಮುಟ್ಟೂದಿಲ್ರಿ ಯಜಮಾನ್ರ. ಮುಂದಿನ ಹಾದಿ ಎಲ್ಲಾ ರಾಡಿ ಆಗೇತಿ. ಅಚ್ಚಿನತನಾ ಹುಗೀತೈತಿ."

"ಹಂಗಾರ ತಿರುಗಿ ಹೋಗೂಣು," ಎಂದ ಕಾಕಾ, ಅವನ ಮಾತು ಮುಗಿಯುವ ಮೊದಲೇ.

ಅತ್ತೆ ಗಾಡಿಯ ಮೂಕಿ ಹಿಡಿದು ನಿಂತಿದ್ದಳು. "ಬ್ಯಾರೆ ದಾರಿ ಇಲ್ಲೇನಪಾ ಹನುಮಪ್ಪಾ?"

"ಐತವಾ. ತ್ವಾಟದ ಕಾಲುವಿ ಐತಿ. ಮ್ಯಾಲೆ ಒಡ್ಡಿನಿಂದ ಬಂದು, ಊರಾಗ ಹಾದು, ಇಲ್ಲೇ ಹೊಳಿಗೆ ಬೀಳತೈತಿ. ಈಗ ನೀರು ತುಂಬಿ ನಿಂತೈತಿ. ನೀವು ಹೋಗೂ ಸಾಲಿ ಅದರ ದಂಡಿ ಮ್ಯಾಲೇ ಐತಿ. ಖರೆ ನನ್ನ ದೋಣಿ ಅಗಲೈತಿ."

"ಎಷ್ಟು ಅಗಲ?"

"ಕಾಲುವಿಯಷ್ಟ."

"ಅಂದ್ರ ಹಿಡಸ್ತೈತಿ. ನಡಿ."

ನಡೆದು ಹೋಗಬಹುದಿತ್ತಲ್ಲ, ಊರೇನು ದೂರವಿರಲಿಲ್ಲವಲ್ಲ ಎಂದು ನೀವು ಕೇಳುತ್ತೀರಿ. ನಾನೂ ಆಗ ಕೇಳಿದೆ. "ಬರೇ ಕೈಲೆ ಹ್ವಾದ್ರ ಹಿಂದಿನ ಅಕ್ಕೋರಂಗ ಇಕಿನೂ ಓಡಿ ಹೋಗಾಕಿ ಅಂತಾರಪಾ. ಕಲ್ಲು ಕಾಣಬೇಕು ಅವರಿಗೆ," ಎಂದಳು ಅತ್ತೆ. ಕಾಕಾ ನನ್ನ ಕಡೆ ಕಣ್ಣು ಬಿಟ್ಟ. ನಮ್ಮ ಮನೆಯ ಮಗಳು ಪರ ಊರೊಳಗೆ ಕಾಲ್ನಡಿಗೆಯಲ್ಲಿ ಗಂಟು ಹೊತ್ತು ಹೋಗುವುದೇ ಎಂದು ಅದರ ಅರ್ಥ.

ಹೀಗೆ ಕಾಲುವೆಯ ಬಾಯಿ ಹೊಕ್ಕೆವು. ಎರಡೂ ದಂಡೆಯ ಹುಲ್ಲು ದೋಣಿಯ ಎರಡೂ ಪಕ್ಕೆಗೆ ಒಟ್ಟಿಗೆ ಸವರುತ್ತಿತ್ತು. ಮೊದಲ ತಿರುವಿನಲ್ಲೇ ದೋಣಿ ಓರೆಯಾಗಿ, ಮುಂಭಾಗ ಬಲದಂಡೆಗೂ ಹಿಂಭಾಗ ಎಡದಂಡೆಗೂ ಕಚ್ಚಿ, ಬಾಗಿಲಿಗೆ ಅಡ್ಡ ಹಾಕಿದ ಅಗಳಿಯಂತೆ ನಿಂತುಬಿಟ್ಟಿತು. ಹನುಮಪ್ಪ ಒಂದು ಬಿದಿರ ಗಳ ಹಿಡಿದ, ನನ್ನ ಕೈಗೊಂದು ಕೊಟ್ಟ. ನಾನು ದಂಡೆಗೆ ಊರಿ ದೂಡಿದೆ. ದೋಣಿ ಅಲುಗಲಿಲ್ಲ, ಗಳ ಜಾರಿತು, ಅಂಗೈ ಹರಿಯಿತು. ಅಥವಾ ಹರಿದಂತೆ ಈಗ ನನಗೆ ನೆನಪು. ಬುಗರಿಯ ವಿಷಯ ಮೇಲೆ ಹೇಳಿದ್ದೇನೆ.

ಎತ್ತು ಕಟ್ಟಿ ದಂಡೆಯ ಮೇಲಿಂದ ಎಳೆಸೋಣ ಎಂದದ್ದು ಹನುಮಪ್ಪ. ದಂಡೆಯ ಮೇಲೆ ಗಾಡಿ ಹೋಗುವಷ್ಟು ಜಾಗವಿರಲಿಲ್ಲ, ಎತ್ತು ಹೋಗುವಷ್ಟು ಇತ್ತು. ಆಗ ನಾನು ಬಾಯಿ ಹಾಕಿದೆ. ಒಂದೇ ದಂಡೆಯಿಂದ ಎಳೆದರೆ ದೋಣಿ ಆ ದಂಡೆಗೇ ಹೋಗಿ ಬಡಿಯುತ್ತದೆ. ಎರಡು ದಂಡೆಯಿಂದ ಎರಡು ಸಮಬಲಗಳು ಓರೆಯಾಗಿ ಎಳೆದರೆ ಅವುಗಳ ಫಲಿತ ಬಲ ನಟ್ಟನಡುವೆ ಬರುತ್ತದೆ. ಕಾಲೇಜಿನಲ್ಲಿ ಆ ವರ್ಷವೇ ಕಲಿತದ್ದು. ಒದ್ದೆ ಹಲಗೆಯ ಮೇಲೆ ಬೆರಳಿನಿಂದ ಚಿತ್ರವನ್ನೂ ಬರೆದೆ.

"ಭಾಳ ಚಲೋ ಹೇಳಿದಿ ಕಾಲೇಜಪ್ಪಾ," ಎಂದ ಕಾಕಾ. "ಹಂಗ ಮಾಡೂಣು." ನನ್ನ ಮಾತನ್ನು ಅವನು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು, ಅದೇ ಕೊನೆ.

ಬಿಳಿಯ ಎತ್ತು ಬೆಳ್ಯಾ ಈ ದಂಡೆಗೆ, ಕಂದು ಎತ್ತು ಕಂದ್ಯಾ ಆ ದಂಡೆಗೆ. ಕಂದ್ಯಾನನ್ನು ಆಚೆ ದಾಟಿಸಿ, ಹಗ್ಗ ಕಟ್ಟಿ ಸಿದ್ಧ ಮಾಡುವುದಕ್ಕೇ ಬಹಳ ಹೊತ್ತು ಹಿಡಿಯಿತು. ಎರಡೂ ಸಮಬಲಗಳು ಸುಮ್ಮನೆ ನಿಂತು ಒಂದನ್ನೊಂದು ನೋಡಿದವು. ಒಂದೇ ನೊಗದ ಜೋಡಿ. ನಡುವೆ ನೀರು ಬಂದದ್ದು ಅವುಗಳಿಗೆ ಹಿಡಿಸಲಿಲ್ಲ. ಬೆಳ್ಯಾ ಒಮ್ಮೆ ಅಂಬಾ ಎಂದಿತು, ಕಂದ್ಯಾ ಉತ್ತರ ಕೊಟ್ಟಿತು, ಮತ್ತು ಎರಡೂ ಎರಡು ಕಡೆಯಿಂದ ಕಾಲುವೆಗೆ ಧುಮುಕಿ ನಟ್ಟನಡುವೆ ಕೂಡಿದವು. ಫಲಿತ ಬಲದ ಬಗ್ಗೆ ನಾನು ಹೇಳಿದ್ದು ತಪ್ಪಾಗಲಿಲ್ಲ. ಮರುವರ್ಷ ನಾನು ವಿಜ್ಞಾನ ಬಿಟ್ಟು ತರ್ಕಶಾಸ್ತ್ರ ಹಿಡಿದೆ.

"ಇವ ಎತ್ತs ಶಾಣ್ಯಾ ಅದಾವ," ಎಂದ ಹನುಮಪ್ಪ, ನೀರು ಒರೆಸಿಕೊಳ್ಳುತ್ತ. ಅತ್ತೆ ನಗಲಿಲ್ಲ. ಅವಳು ತೆಂಗಿನ ಗರಿಗಳ ಸಂದಿಯಿಂದ ಸೂರ್ಯನನ್ನು ನೋಡುತ್ತಿದ್ದಳು.

ಆಮೇಲೆ ಎರಡೂ ಎತ್ತಿಗೆ ನೊಗ ಹಾಕಿ, ಒಂದೇ ದಂಡೆಯ ಮೇಲೆ ಹೂಡಿ, ನೊಗದಿಂದ ದೋಣಿಗೆ ಉದ್ದನೆಯ ಹಗ್ಗ ಕಟ್ಟಿದರು. ಕಾಕಾ ಎತ್ತುಗಳ ಮುಖದ ಹತ್ತಿರ, ಮೂಗುದಾರದ ಹಗ್ಗ ಹಿಡಿದು ನಡೆದ. ದೋಣಿಯಲ್ಲಿ ನಾನು ಮತ್ತು ಹನುಮಪ್ಪ ಗಳ ಊರಿ ಅದನ್ನು ದಂಡೆಯಿಂದ ಬಿಡಿಸುತ್ತಿದ್ದೆವು. ಈ ಸಲ ದೋಣಿ ನಡೆಯಿತು. ನೀರು ಎದುರಿಗೆ ಬರುತ್ತಿದ್ದರೂ ನಿಧಾನವಾಗಿ, ನೆಟ್ಟಗೆ ನಡೆಯಿತು. ನಡೆಯುತ್ತ ನಡೆಯುತ್ತ ಕಾಕಾ ಸಣ್ಣ ದನಿಯಲ್ಲಿ ಹಾಡತೊಡಗಿದ. ಕಪಿಲೆ ಹೊಡೆಯುವಾಗ ಹಾಡುವ ಹಾಡು. ಹಾಡು ಒಂದು ಸುತ್ತು ಮುಗಿಯಿತು. ಎತ್ತುಗಳು ನಿಂತವು. ನಿಂತು, ಹಿಂದೆ ಹಿಂದೆ ಹೆಜ್ಜೆ ಹಾಕತೊಡಗಿದವು. ಹಗ್ಗ ಸಡಿಲಾಯಿತು, ದೋಣಿ ನೀರಿನ ಜೊತೆ ಬಂದ ದಾರಿಯಲ್ಲೇ ವಾಪಸು ಜಾರಿತು.

"ಏನಾತ್ರಿ ಯಜಮಾನ್ರ?" ಹನುಮಪ್ಪ ಕೂಗಿದ.

"ಹೊಸಾ ಜಾಗಾ ನೋಡಪಾ. ಬೆದರತಾವ."

ಮತ್ತೆ ಮುಂದೆ, ಮತ್ತೆ ಹಾಡು, ಮತ್ತೆ ಹಿಂದೆ. ಒಂದು ಬಾಳೆಯ ತೋಟದ ಬೇಲಿಯ ಮೇಲೆ ಯಾರೋ ಕೆಂಪು ಸೀರೆ ಒಣಹಾಕಿದ್ದರು. ಆ ಸೀರೆಯನ್ನು ನಾವು ಎಷ್ಟು ಸಲ ದಾಟಿದೆವೆಂದರೆ ಅದರ ಅಂಚಿನ ನೇಯ್ಗೆಯನ್ನು ನಾನು ಇಂದಿಗೂ ವಿವರಿಸಬಲ್ಲೆ. ಕಡೆಗೆ ಸೀರೆಯ ಒಡತಿ ಬಂದು, ಒಣಗಿದ ಸೀರೆ ಮಡಚಿಕೊಳ್ಳುತ್ತ ಕೇಳಿದಳು: "ನೀವು ಬರಾಕ ಹತ್ತೀರೋ, ಹೋಗಾಕ ಹತ್ತೀರೋ?" ಹೊತ್ತು ಇಳಿಯುತ್ತಿತ್ತು. ಊರಿನ ಗುಡಿಯ ಶಿಖರ ಮರಗಳ ಮೇಲೆ ಕಾಣುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ.

ಆಗ ಅತ್ತೆ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು. "ಹನುಮಪ್ಪಾ, ಎತ್ತಿಂದೇನೂ ತಪ್ಪಿಲ್ಲಪಾ. ಇವು ಕಪಲಿ ಎತ್ತು. ಅಣ್ಣ ಹಾಡಿದ್ರ ಅವಕ್ಕ ಬಾವಿ ನೆನಪಾಗತೈತಿ. ಹಾಡು ಮುಗೀತಂದ್ರ ಹಿಂದ ಬರಬೇಕಂತ ಅವು ಹಿಂದ ಬರತಾವ."

ಕಪಿಲೆ ಬಾವಿ ನೋಡದವರಿಗೆ ಹೇಳುತ್ತೇನೆ. ಕಾಕಾನ ತೋಟದಲ್ಲಿ ನಾನು ಚಿಕ್ಕವನಿದ್ದಾಗ ಅದೇ ಇತ್ತು. ಬಾವಿಯ ದಂಡೆಯಿಂದ ಒಂದು ಇಳಿಜಾರು. ಎತ್ತುಗಳು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ಮುಂದೆ ಇಳಿದರೆ ತೊಗಲಿನ ದೊಡ್ಡ ಚೀಲ ನೀರು ತುಂಬಿ ಮೇಲೆ ಬರುತ್ತದೆ; ನೀರು ಕಾಲುವೆಗೆ ಬಿದ್ದ ಮೇಲೆ ಅದೇ ಎತ್ತುಗಳು ತಿರುಗದೆ, ಹಿಂಬದಿಯಾಗಿಯೇ ಹೆಜ್ಜೆ ಹಾಕಿ ಮೇಲೆ ಬರುತ್ತವೆ. ಹೊಡೆಯುವವನ ಹಾಡೇ ಅವುಗಳಿಗೆ ಗಡಿಯಾರ. ನಾನು ಇಳಿಯುವ ಹಗ್ಗದ ಮೇಲೆ ಕುಳಿತು ಜೋಕಾಲಿ ಆಡುತ್ತಿದ್ದೆ. ಗಾಲಿಯ ಕಿರುಗುಟ್ಟುವಿಕೆ, ಒದ್ದೆ ತೊಗಲಿನ ವಾಸನೆ, ಅರೆಗಣ್ಣು ಮುಚ್ಚಿ ಹಿಂದೆ ಹಿಂದೆ ಬರುವ ಬೆಳ್ಯಾ, ಕಂದ್ಯಾ. ಅತ್ತೆ ಹೇಳಿದ ಕೂಡಲೇ ಅದೆಲ್ಲ ಒಟ್ಟಿಗೆ ನೆನಪಾಗಿ ನಾನು ಬಿದ್ದು ಬಿದ್ದು ನಕ್ಕೆ. ಹನುಮಪ್ಪ ನಕ್ಕ. ಸೀರೆಯವಳು ನಕ್ಕಳು. ಕಾಕಾ ಎಲ್ಲರಿಗಿಂತ ತಡವಾಗಿ ನಕ್ಕ.

"ನಿಲ್ಲಸ್ರಿ ಮತ್ತ ಹಾಡು," ಎಂದ ಹನುಮಪ್ಪ.

"ಹಗ್ಗ ಕೈಯಾಗಿದ್ರ ಹಾಡು ಬಾಯಿಗೆ ಬರೂದ," ಎಂದಳು ಅತ್ತೆ. ದೋಣಿಯನ್ನು ದಂಡೆಗೆ ಒತ್ತಿಸಿ, ಸೀರೆಯ ನೆರಿಗೆ ಎತ್ತಿ ಕಟ್ಟಿ, ಕೆಳಗೆ ಇಳಿದಳು. ಕಾಕಾನ ಮುಂದೆ ಹೋಗಿ ಕೈ ಚಾಚಿದಳು. "ಅಣ್ಣಾ, ನೀ ದಣದೀದಿ. ದೋಣ್ಯಾಗ ಕುಂದ್ರು. ನಾ ಹೊಡೀತೀನಿ."

ಅವನು ಹಗ್ಗ ಕೊಡಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಬ್ಬರೂ ಹಾಗೆ ಎಷ್ಟು ಹೊತ್ತು ನಿಂತಿದ್ದರು ಎಂದು ಹೇಳಲಾರೆ; ನಾನಿನ್ನೂ ನಗುತ್ತಲೇ ಇದ್ದೆ.

"ಹೊಸಾ ಊರು ಗಿರಿಜವ್ವಾ," ಎಂದ ಕಾಕಾ. "ಯಾರೂ ಇಲ್ಲ ನಿನಗಿಲ್ಲಿ."

"ಗೊತ್ತೈತಿ ಅಣ್ಣಾ."

ಅವನು ಹಗ್ಗ ಕೊಟ್ಟ. ದೋಣಿಗೆ ಬಂದು ಜೋಳದ ಚೀಲದ ಮೇಲೆ ಕುಳಿತು, ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಮುಖ ಬಾಡಿತ್ತು. ದೋಣಿಯ ಅಲುಗಾಟಕ್ಕೆ ತಲೆ ಸುತ್ತಿರಬೇಕು ಎಂದು ನಾನು ನೀರಿನ ತಂಬಿಗೆ ಕೊಟ್ಟೆ. ಅತ್ತೆ ಹಾಡಲಿಲ್ಲ. ನಾಲಿಗೆಯಿಂದ ಒಂದೆರಡು ಸಲ ಲೊಚಗುಟ್ಟಿ ಮುಂದೆ ನಡೆದಳು. ಎತ್ತುಗಳು ಅವಳ ಬೆನ್ನ ಹಿಂದೆ, ಒಮ್ಮೆಯೂ ನಿಲ್ಲದೆ, ಶಾಲೆಯವರೆಗೆ ನಡೆದವು. ದಾರಿಯುದ್ದ ಹುಡುಗಿಯರು ದಂಡೆಯ ಮೇಲೆ ಓಡಿ ಬಂದರು. ತಮ್ಮ ಊರೊಳಗೆ ಅಂಥ ದೋಣಿ ಬಂದದ್ದನ್ನು ಅವರು ಎಂದೂ ಕಂಡಿರಲಿಲ್ಲ.

ಶಾಲೆಯ ಕಟ್ಟೆಯ ಮೇಲೆ ಕಮಿಟಿಯ ಹಿರಿಯರು ಕುಳಿತಿದ್ದರು. ಪಕ್ಕದಲ್ಲಿ ಅವರ ತಂಗಿಯ ಮಗ, ಹೊಸ ಕೋಟು ಹಾಕಿಕೊಂಡು. ಒಳಗೆ ದೀಪದ ಗಾಜು ಒರೆಸುವ ಸದ್ದು ಕೇಳುತ್ತಿತ್ತು. ಹಿರಿಯರು ದೋಣಿ ನೋಡಿದರು, ಗಾಡಿ ನೋಡಿದರು, ಮೊಣಕಾಲಿನವರೆಗೆ ಕೆಸರಾಗಿದ್ದ ಅಕ್ಕೋರನ್ನು ನೋಡಿದರು.

"ಸಾಮಾನು ತಂದೀಯೇನವಾ?"

"ಬೀಸೂಕಲ್ಲು ತಂದೀನ್ರಿ."

"ಬೀಸೂಕಲ್ಲು ತಂದಾಕಿ ಜಲ್ದಿ ಓಡಿ ಹೋಗಾಂಗಿಲ್ಲ ಬಿಡು," ಎಂದರು ಅವರು. ಆಮೇಲೆ ಮುಲ್ಕಿ ಎಂದರೆ ತಮ್ಮ ಕಡೆಯ ಯಾವ ಪರೀಕ್ಷೆಗೆ ಸಮ ಎಂದು ಕೇಳಿದರು. ನಾನು ಉದ್ದವಾಗಿ ವಿವರಿಸಿದೆ. ಯಾರೂ ಕೇಳಲಿಲ್ಲ. ಹಿರಿಯರು ಕಾಕಾನ ಕಡೆ ತಿರುಗಿದರು.

"ನೀವು ಅಣ್ಣಾರಲ್ಲೇನ್ರಿ? ನಿಮ್ಮ ಒಪ್ಪಿಗಿ ಐತೇನು? ನಾಳೆ ನೀವು ಬಂದು ತಂಗೀನ ಕರಕೊಂಡು ಹೋಗ್ತೀನಿ ಅಂದ್ರ ನಮ್ಮ ಸಾಲಿ ಮುಚ್ಚತೈತಿ. ಇಲ್ಲಂದ್ರ ಇಲ್ಲ ಅಂತ ಈಗs ಹೇಳಿಬಿಡ್ರಿ."

ಕೋಟಿನವನು ಎದ್ದು ನಿಂತ. ಅತ್ತೆ ನೆಲ ನೋಡುತ್ತಿದ್ದಳು. ಕಾಕಾ ರುಮಾಲನ್ನು ಸುತ್ತಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

"ನನ್ನ ಒಪ್ಪಿಗಿ ಇಲ್ದ," ಎಂದ ಕೊನೆಗೆ, "ಇಷ್ಟು ಅಗಲ ದೋಣಿ ಇಷ್ಟು ಸಣ್ಣ ಕಾಲುವ್ಯಾಗ ಬರತಿತ್ತೇನ್ರಿ?"

ಎಲ್ಲರೂ ನಕ್ಕರು. ಅತ್ತೆ ತಲೆ ಎತ್ತಿ ಅಣ್ಣನನ್ನು ನೋಡಿದಳು. ಕಾಕಾ ತಾನೇ ಬೀಸುವ ಕಲ್ಲನ್ನು ಹೊತ್ತು ಅವಳಿಗೆ ಕೊಟ್ಟ ಕೋಣೆಯಲ್ಲಿಟ್ಟ.

ಗಿರಿಜತ್ತೆ ಆ ಊರಲ್ಲೇ ಪೆನ್ಶನ್ನಿನವರೆಗೆ ಕಲಿಸಿದಳು. ರಾಜ್ಯ ಒಂದಾದ ದಿನ ಕಾಕಾ ಹಳ್ಳಿಯಲ್ಲಿ ಸಕ್ಕರೆ ಹಂಚಿ, "ಇನ್ನ ನಮ್ಮ ಗಿರಿಜವ್ವ ನಮ್ಮ ರಾಜ್ಯದಾಗ ಅದಾಳ," ಎಂದನಂತೆ. ಏಕೀಕರಣದಿಂದ ಅವನಿಗೆ ಆದ ಲಾಭ ಅಷ್ಟೇ, ಅವನ ಪ್ರಕಾರ ಅದು ಸಾಕಾಗಿತ್ತು. ಕಪಿಲೆ ಎತ್ತುಗಳ ಕಥೆಯನ್ನು ನಾನು ಜೀವಮಾನವಿಡೀ ಹೇಳಿದೆ. ಒಮ್ಮೆ ಅತ್ತೆಯ ಎದುರಿಗೇ ಹೇಳಿದೆ. ಅವಳು ಎಲ್ಲರ ಜೊತೆ ನಕ್ಕು, "ಎತ್ತು ಪಾಪ, ಅವಕ್ಕೇನ ತಿಳೀತೈತಿ, ಹೇಳಿದಂಗ ಕೇಳ್ತಾವ," ಎಂದಳು. ಆ ಮಾತು ಅಂದಿನಿಂದಲೂ ನನ್ನನ್ನು ಸುಮ್ಮನೆ ಕೂರಗೊಟ್ಟಿಲ್ಲ. ಹೇಳಿದಂತೆ ಕೇಳುವ ಎತ್ತುಗಳು ಹಾಡು ಕೇಳಿ ತಾವೇ ಹಿಂದೆ ಬಂದದ್ದು ಹೇಗೆ? ಇನ್ನೊಮ್ಮೆ ಕೇಳಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ತೀರಿಹೋದಳು. ಕಾಕಾ ಅದಕ್ಕೂ ಮುಂಚೆಯೇ ಹೋಗಿದ್ದ.

ಕಳೆದ ವರ್ಷ ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಮತ್ತೆ ಆ ಕಥೆ ಹೇಳಿದೆ. ಪಂಕ್ತಿಯಲ್ಲಿ ಎದುರಿಗೆ ಕಾಕಾನ ಹಿರಿಯ ಮಗ ವೀರಪ್ಪ ಕುಳಿತಿದ್ದ. ನನಗಿಂತ ಸ್ವಲ್ಪ ಚಿಕ್ಕವನು. ಅವನೊಬ್ಬ ನಗಲಿಲ್ಲ.

"ಯಾವ ಎತ್ತು ಹೇಳಾಕ ಹತ್ತೀ ನೀನು?"

"ಬೆಳ್ಯಾ, ಕಂದ್ಯಾ."

"ನಮ್ಮಪ್ಪ ಯಾವ ಬಿಳಿ ಎತ್ತು ತಂದ್ರೂ ಬೆಳ್ಯಾ ಅಂತಿದ್ದ, ಯಾವ ಕಂದು ಎತ್ತು ತಂದ್ರೂ ಕಂದ್ಯಾ ಅಂತಿದ್ದ. ನೀ ಕಪಲ್ಯಾಗ ನೋಡಿದ ಜೋಡಿ ಯಾವಾಗೋ ಸತ್ತಿದ್ದವು. ಬಾವಿ ಕುಸದು ಕಪಲಿ ನಿಂತ ಮ್ಯಾಲೆ, ಅತ್ತಿ ಹೊಳಿ ದಾಟಿದ ವರ್ಷನ, ಹೊಸಾ ಜೋಡಿ ತಂದದ್ದು. ಬಾಳೆಹೊಸೂರಿಂದ. ಬೆಳ್ಯಾನ ಎಡಗೋಡು ಮುರದಿತ್ತು."

ನೆನಪನ್ನು ನೆನಪಿನಿಂದ ಅಳೆಯಬಾರದು ಎಂದು ನನಗೆ ಕಲಿಸಿದ್ದಾರೆ. ನಾನು ಬಾಳೆಹೊಸೂರಿಗೆ ಹೋದೆ. ಮಠದ ಹಿಂದಿನ ಓಣಿಯಲ್ಲಿ, ಎತ್ತು ಮಾರಿದವರ ಮನೆಯಲ್ಲಿ, ಆಗ ಹೊಸದಾಗಿ ಸೊಸೆಯಾಗಿ ಬಂದಿದ್ದ ಹೆಂಗಸು ಇನ್ನೂ ಇದ್ದರು. ವೀರಪ್ಪನನ್ನು ಅವರು ಎಂದೂ ಕಂಡವರಲ್ಲ. ನಾನು ಕಪಿಲೆಯ ಮಾತನ್ನು ಎತ್ತಲಿಲ್ಲ, ಕೋಡಿನ ಮಾತನ್ನೂ ಎತ್ತಲಿಲ್ಲ. ಶಿರಹಟ್ಟಿಯ ಕಡೆಯವರಿಗೆ ಕೊಟ್ಟ ಬಿಳಿ-ಕಂದು ಜೋಡಿ ನೆನಪಿದೆಯೇ ಎಂದಷ್ಟೇ ಕೇಳಿದೆ. ಎಡಗೋಡು ಮುರಿದದ್ದು ಬಿಳಿಯದು ಎಂದು ಅವರೇ ಹೇಳಿದರು. ತಾವು ಆ ಮನೆಗೆ ಬಂದ ವರ್ಷವೇ, ಮಿರಗದ ಮಳೆಗೆ ಮುಂಚೆ, ಬಿತ್ತಿಗೆಗೆಂದು ಬಂದವರಿಗೆ ಮಾರಿದ್ದು. ಕರುವಿನಿಂದಲೂ ಎರೆ ಹೊಲದಲ್ಲಿ ರಂಟೆ ಕುಂಟೆ ಎಳೆದು ಬೆಳೆದ ಎತ್ತುಗಳು. ಅವರ ಹೊಲಕ್ಕೆ ಬಾವಿಯೇ ಇರಲಿಲ್ಲ. ಆ ಜೋಡಿ ಒಂದು ದಿನವೂ ಕಪಿಲೆ ಎಳೆದಿರಲಿಲ್ಲ. ಅಂದು ಅವುಗಳ ಮೂಗುದಾರದ ಹಗ್ಗ ಇದ್ದದ್ದು ಕಾಕಾನ ಕೈಯಲ್ಲಿ.